ಹಲ್ಲಿನ ಡಾಕ್ಟರ ಲೆಕ್ಕಕ್ಕೆ ಬಾರದ ಮೀನು

ನೀರಿನ ದಡದಲ್ಲಿ ಗಾಳ ಹಾಕಿ ಕೂತರೆ ಮನಸ್ಸಿಗೆ ನೆಮ್ಮದಿ ಎಂದು ಮೊದಲು ಹೇಳಿದವರು ಯಾರೋ, ಅವರನ್ನು ಒಂದು ಸಲ ನನ್ನ ಕುರ್ಚಿಯಲ್ಲಿ ಕೂರಿಸಿ, ಬಾಯಿ ತೆಗೆಸಿ, ವಿಚಾರಿಸಿಕೊಳ್ಳಬೇಕು ಎಂದಿದ್ದೇನೆ. ನಾನು ಗಾಳ ಹಿಡಿದು ಹೊರಟ ಭಾನುವಾರ ಏನಾದರೊಂದು ಆಗದೆ ಮನೆಗೆ ಬಂದದ್ದೇ ಇಲ್ಲ. ಎಲ್ಲ ಆಗುತ್ತದೆ, ಮೀನೊಂದು ಬಿಟ್ಟು.

ನಾನು ಸರಸ್ವತಿಪುರಂನಲ್ಲಿ ಹಲ್ಲಿನ ಡಾಕ್ಟರು. ಸುಮ್ಮನೆ ಕೂರುವುದು ನನ್ನ ಜಾತಕದಲ್ಲಿ ಬರೆದಿಲ್ಲ. ಕೂರುವುದು ರೋಗಿಗಳ ಕೆಲಸ, ನಿಲ್ಲುವುದು ನನ್ನ ಕೆಲಸ. ಅದೇ ಅಭ್ಯಾಸವಾಗಿ ಮನೆಯಲ್ಲೂ ತಟ್ಟೆ ಹಿಡಿದುಕೊಂಡು ಓಡಾಡುತ್ತಾ ಊಟ ಮಾಡುತ್ತೇನೆ. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದರೆ ಕಾಯಲಾರದೆ ಎಡಕ್ಕೆ ತಿರುಗಿಬಿಡುತ್ತೇನೆ. ಹಾಗೆ ತಿರುಗಿ ತಿರುಗಿ ಒಮ್ಮೆ ಪಕ್ಕದ ಚಾಮರಾಜಪುರಂಗೆ ಹೊರಟವನು ಊರಂಚಿನ ಹಿನಕಲ್ ತಲುಪಿದ್ದೆ. ಇಂಥವನ ಕೈಗೆ ಗಾಳ ಕೊಟ್ಟ ಪುಣ್ಯಾತ್ಮರ ಕಥೆಯಿಂದಲೇ ಶುರು ಮಾಡುತ್ತೇನೆ, ಬೇಗ ಬೇಗ ಹೇಳಿಬಿಡುತ್ತೇನೆ.

ಹುಳಕ್ಕೆ ತಲೆಸುತ್ತು

ಆ ಪುಣ್ಯಾತ್ಮರು ನಿವೃತ್ತ ಹೆಡ್ಮಾಸ್ಟರು. ಒಂದು ದಿನ ನನ್ನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದರು. ನಾನು ಒಂದು ಕಾಲಲ್ಲಿ ನಿಂತು, ಇನ್ನೊಂದು ಕಾಲು ಕುಣಿಸುತ್ತಾ, ಒಂದು ಕಣ್ಣು ಅವರ ದವಡೆಯ ಮೇಲೆ, ಒಂದು ಕಣ್ಣು ಕಿಟಕಿಯಾಚೆ ಇಟ್ಟು ಕೆಲಸ ಮಾಡುತ್ತಿದ್ದೆ. ಅವರು ಕೈ ಎತ್ತಿ ನನ್ನನ್ನು ತಡೆದು, ಬಾಯಿಯ ಹತ್ತಿ ತೆಗೆದಿಟ್ಟು, "ಡಾಕ್ಟ್ರೇ, ನನ್ನ ಹಲ್ಲು ಆಮೇಲೆ ನೋಡೋಣ. ಮೊದಲು ನಿಮಗೆ ಚಿಕಿತ್ಸೆ ಆಗ್ಬೇಕು. ಭಾನುವಾರ ನಮ್ಮ ಜೊತೆ ಮೀನು ಹಿಡಿಯೋಕೆ ಬನ್ನಿ. ಸುಮ್ಮನೆ ಕೂರೋದು ಅಂದ್ರೆ ಏನು ಅಂತ ನೀರು ಕಲಿಸುತ್ತೆ," ಅಂದರು.

ಅವರದೊಂದು ಸಣ್ಣ ತಂಡ. ಮೇಷ್ಟ್ರು, ಹಿನಕಲ್‌ನಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ ಇಟ್ಟಿರುವ ಯಜಮಾನರೊಬ್ಬರು, ಮತ್ತೆ ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವ ಮೇಡಂ ಒಬ್ಬರು. ಮೀನಿನ ಗುತ್ತಿಗೆದಾರರ ಒಪ್ಪಿಗೆ ಪಡೆದು ಊರಾಚೆಯ ಕೆರೆಗಳಿಗೂ ಕಾವೇರಿಯ ಹಿನ್ನೀರಿಗೂ ಹೋಗುವವರು. ಮೇಷ್ಟ್ರು ಸಸ್ಯಾಹಾರಿ, ಆದ್ದರಿಂದ ಹಿಡಿದ ಮೀನನ್ನು ಕಣ್ತುಂಬ ನೋಡಿ ವಾಪಸು ನೀರಿಗೆ ಬಿಡಬೇಕು ಎಂಬುದು ತಂಡದ ಕಟ್ಟಳೆ.

ಮೊದಲ ದಿನ ಮೇಷ್ಟ್ರು ತಾವೇ ಎರೆಹುಳು ಸಿಕ್ಕಿಸಿ, ಗಾಳ ಎಸೆದು, ಕೋಲನ್ನು ನನ್ನ ಕೈಗೆ ಕೊಟ್ಟರು. ನಾನು ಎಳೆದು ನೋಡಿದೆ. ಏನೂ ಇರಲಿಲ್ಲ. ಮತ್ತೆ ಎಸೆದೆ, ಎಳೆದು ನೋಡಿದೆ. ಪಕ್ಕದಲ್ಲಿ ಮೇಡಂ ಕಲ್ಲಿನ ಮೇಲೆ ಕೂತು ಫೋನಿನಲ್ಲಿ ನಾದಿನಿಯ ಜೊತೆ ಉಪ್ಪಿನಕಾಯಿಯ ವಿಚಾರ ಮಾತಾಡುತ್ತಲೇ ಒಂದಾದ ಮೇಲೊಂದು ಮೀನು ಎತ್ತುತ್ತಿದ್ದರು. ನಾನು ಎಸೆಯುತ್ತಿದ್ದೆ, ಎಳೆಯುತ್ತಿದ್ದೆ, ಜಾಗ ಬದಲಿಸುತ್ತಿದ್ದೆ, ಬಂದ ಜಾಗಕ್ಕೇ ವಾಪಸು ಬರುತ್ತಿದ್ದೆ. ಬಿಸಿಲೇರುವ ಹೊತ್ತಿಗೆ ಮೇಷ್ಟ್ರು ತಡೆಯಲಾರದೆ ಅಂದರು:

"ಡಾಕ್ಟ್ರೇ, ಮೀನಿನ ವಿಷಯ ಬಿಡಿ. ಆ ಹುಳ ಇದೆಯಲ್ಲ, ಕೆಳಗೆ ಮೇಲೆ ಓಡಾಡಿ ಅದಕ್ಕೆ ತಲೆ ಸುತ್ತು ಬಂದಿದೆ. ಸ್ವಲ್ಪ ಹೊತ್ತು ಅದನ್ನಾದ್ರೂ ಕೂರೋಕೆ ಬಿಡಿ."

ಇಂಗು ಹಾಕಿದ ಮುದ್ದೆ

ತಂಡದಲ್ಲಿ ಇನ್ನೂ ಎರಡು ಕಟ್ಟಳೆಗಳಿದ್ದವು. ಒಂದು: ನೀವು ಹಿಡಿದ ಮೀನನ್ನು ತಂಡದ ಇನ್ನೊಬ್ಬರು ಕಣ್ಣಾರೆ ನೋಡಿದ್ದರೆ ಮಾತ್ರ ಅದು ಲೆಕ್ಕಕ್ಕೆ. ಮೊಬೈಲ್ ಫೋಟೋ ನಡೆಯುವುದಿಲ್ಲ. ಕೈ ಮುಂದೆ ಚಾಚಿ ಹಿಡಿದರೆ ಅಂಗೈಯಗಲದ ಜಿಲೇಬಿ ಮೀನೂ ತಿಮಿಂಗಿಲದ ಹಾಗೆ ಕಾಣುತ್ತದೆ ಎಂಬುದು ಮೋಟಾರು ಯಜಮಾನರ ದಯೆಯಿಂದ ಎಲ್ಲರಿಗೂ ಗೊತ್ತಾಗಿತ್ತು. ಎರಡು: ಯಾರ ಹೆಸರಿನಲ್ಲಿ ಲೆಕ್ಕದ ಮೀನು ಇನ್ನೂ ಒಂದೂ ಇಲ್ಲವೋ ಅವರು ಎಲ್ಲರಿಗೂ ಗಾಳದ ಮುದ್ದೆ ಮಾಡಿಕೊಂಡು ಬರಬೇಕು, ಆ ಪಾತ್ರೆಯನ್ನೂ ಅವರೇ ಹೊರಬೇಕು.

ನಮ್ಮ ಕಡೆ ದೊಡ್ಡ ಮೀನಿಗೆ ಗಟ್ಟಿಯಾಗಿ ಬೇಯಿಸಿದ ರಾಗಿ ಮುದ್ದೆಯ ಉಂಡೆ ಸಿಕ್ಕಿಸುವುದು ವಾಡಿಕೆ. ವಾಸನೆಗೆ ಒಬ್ಬೊಬ್ಬರು ಒಂದೊಂದು ಸೇರಿಸುತ್ತಾರೆ. ಮೇಷ್ಟ್ರು ಹೇಳಿದ್ದು ಸೋಂಪು ಮತ್ತು ಬೆಲ್ಲ.

ನನ್ನ ಹೆಂಡತಿಗೆ ಹೇಳಿದೆ. "ಮೀನಿಗೆ ಅಡುಗೆ ಮಾಡೋಕೆ ನಾನೇನು ಅವುಗಳ ಅತ್ತೇನಾ?" ಎಂದು ಒಂದು ಸಲ ರೇಗಿದಳು. ಆಮೇಲೆ ಮಾಡಿದಳು. ನಮ್ಮ ಮನೆಗೆ ಮುದ್ದೆ ಬಂದದ್ದೇ ನನಗೆ ಶುಗರ್ ಬಂದ ಮೇಲೆ, ಹೀಗಾಗಿ ಕೈ ಪಳಗಿತ್ತು. ಒಂದು ಡಬ್ಬಿಯಲ್ಲಿ ಮೀನಿಗೆ ಸೋಂಪಿನ ಮುದ್ದೆ, ಇನ್ನೊಂದರಲ್ಲಿ ನಮ್ಮ ಮಧ್ಯಾಹ್ನದ ಊಟಕ್ಕೆ ತುಪ್ಪ ಸವರಿದ ಮೆತ್ತನೆ ಮುದ್ದೆ, ಅದಕ್ಕೆ ಅವಳ ಸ್ವಂತ ಕಲ್ಪನೆಯಿಂದ ಚಿಟಿಕೆ ಇಂಗು. ಎರಡೂ ಒಂದೇ ಅಳತೆಯ ಸ್ಟೀಲ್ ಡಬ್ಬಿ. ಕಾರಿನಲ್ಲಿ ನಾನು ಸುಮ್ಮನೆ ಕೂರಲಾರದೆ ಆ ಡಬ್ಬಿಗಳನ್ನು ಅದಲು ಬದಲು ಮಾಡಿ, ತೆಗೆದು, ಮುಚ್ಚಿ, ಮತ್ತೆ ಜೋಡಿಸಿಟ್ಟಿದ್ದೆ.

ಅಂದು ಕೆರೆಯಲ್ಲಿ ಜಾತ್ರೆ. ಮೇಡಂಗೆ, ಮೇಷ್ಟ್ರಿಗೆ, ಯಜಮಾನರಿಗೆ, ಗಾಳ ನೀರಿಗೆ ಬೀಳುವುದೇ ತಡ, ಮೀನು. ನನ್ನ ಉಂಡೆ ಮಾತ್ರ ನಾನು ಎಳೆದೆಳೆದು ನೋಡಿ ಕರಗಿಹೋಗುತ್ತಿತ್ತು, ಅದು ಬೇರೆ ಮಾತು. ಮಧ್ಯಾಹ್ನ ಊಟಕ್ಕೆ ಕೂತೆವು. ಯಜಮಾನರು ಮನೆಯಿಂದ ತಂದ ಬಸ್ಸಾರಿನಲ್ಲಿ ಮುದ್ದೆ ಮುರಿದು ಅದ್ದಿ ನುಂಗಿದರು. ಮುಖ ಸ್ವಲ್ಪ ಓರೆಯಾಯಿತು. ಆದರೂ ದೊಡ್ಡ ಮನುಷ್ಯ, ಪೂರ್ತಿ ತಿಂದು ಕೈ ತೊಳೆದರು.

"ಡಾಕ್ಟ್ರೇ, ಮನೇಲಿ ಅಮ್ಮಾವ್ರು ಚೆಂದಾಗೇ ಮಾಡವ್ರೆ. ವಸಿ ಗಟ್ಟಿ ಆಗದೆ. ಸೋಂಪು ಹಾಕ್ದೆ ಹೋಗಿದ್ರೆ ಇನ್ನೂ ಚೆಂದಾಗಿರದು ಕಣ್ರೀ."

ಆಗ ನಮಗೆಲ್ಲ ಗೊತ್ತಾಯಿತು, ಬೆಳಗಿನಿಂದ ಕೆರೆಯ ಮೀನುಗಳು ಏನು ತಿನ್ನುತ್ತಿದ್ದವು ಎಂದು. ಸಂಜೆ ಹೆದರುತ್ತಲೇ ಮನೆಗೆ ಬಂದು ಹೆಂಡತಿಗೆ ವಿಷಯ ಹೇಳಿದೆ. ಬೈಯುತ್ತಾಳೆ ಎಂದುಕೊಂಡರೆ ಅವಳ ಮುಖ ಅರಳಿತು.

"ನೋಡ್ರೀ, ನೀರಲ್ಲಿರೋ ಮೂಕ ಪ್ರಾಣಿಗಳಿಗೆ ಗೊತ್ತಾಯ್ತು ನನ್ನ ಕೈರುಚಿ. ನೀವು ಇಷ್ಟು ವರ್ಷದಲ್ಲಿ ಒಂದು ದಿನ ಹಾಗೆ ಬಾಯಿ ಹಾಕಿದ್ದೀರಾ?"

ಸಾಕ್ಷಿ ಸಮೇತ

ಒಂದು ಭಾನುವಾರ ಮೂವರೂ ಒಂದು ಕಡೆ ಕೂತಿದ್ದರು. ನನಗೆ ಅಲ್ಲಿ ಮೈಯೆಲ್ಲ ಇರುವೆ ಹರಿದ ಹಾಗಾಗಿ ಕೋಲು ಹಿಡಿದು ಕೆರೆಯ ಏರಿಯ ಆಚೆ ತುದಿಗೆ ನಡೆದೆ. ಅಲ್ಲೂ ನಿಲ್ಲಲಾರದೆ ಇನ್ನೂ ಆಚೆ ಹೋದೆ. ಒಂದು ಜೊಂಡಿನ ಪಕ್ಕ ಗಾಳ ಎಸೆದೆ ನೋಡಿ, ಕೋಲು ಬಾಗಿತು! ನನ್ನ ಮೊಳಕೈಯುದ್ದದ ರೋಹು. ಬೆಳ್ಳಗೆ, ಹೊಟ್ಟೆಯ ಹತ್ತಿರ ತುಸು ಕೆಂಪಗೆ, ಬಂಗಾರದಂಥ ಮೀನು.

ನಾನು ಕೂಗಿದೆ. ಗಾಳಿ ಎದುರು ಬೀಸುತ್ತಿತ್ತು, ಯಾರಿಗೂ ಕೇಳಲಿಲ್ಲ. ಮೀನು ಹಿಡಿದುಕೊಂಡೇ ಕುಣಿದೆ, ಟವೆಲ್ ಬೀಸಿದೆ, ಏರಿಯ ಮೇಲೆ ಅತ್ತ ಇತ್ತ ಓಡಿದೆ. ಪಾಪದ ಮೀನು ಬಾಯಿ ತೆರೆದು ಮುಚ್ಚುತ್ತಿತ್ತು. ನೋಡಲಾರದೆ ನೀರಿಗೆ ಬಿಟ್ಟೆ. ಲೆಕ್ಕದ ಮೀನು ಕೈಯಿಂದಲೇ ಜಾರಿಹೋಯಿತು. ಆಮೇಲೆ ನೋಡುತ್ತೇನೆ, ಅಲ್ಲೇ ಹತ್ತಿರದಲ್ಲಿ ಎಮ್ಮೆ ಮೇಯಿಸುವವರೊಬ್ಬರು ನಿಂತು ನನ್ನನ್ನೇ ನೋಡುತ್ತಿದ್ದರು!

ಸಾಕ್ಷಿ ಸಿಕ್ಕಿತು! ತಂಡದವರಲ್ಲದಿದ್ದರೇನು, ಮನುಷ್ಯರ ಕಣ್ಣು ತಾನೇ? ಕೈ ಹಿಡಿದುಕೊಂಡು ಮೇಷ್ಟ್ರ ಮುಂದೆ ನಿಲ್ಲಿಸಿದೆ. "ಹೇಳಿ ಅಣ್ಣಾ, ನೀವು ನೋಡಿದ್ದನ್ನ ನೋಡಿದ ಹಾಗೆ ಹೇಳಿ," ಅಂದೆ.

ಅವರು ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. "ಮೀನು ಗೀನು ನಾ ಕಾಣೆ ಸ್ವಾಮಿ. ಇವ್ರು ಏರಿ ಮ್ಯಾಲೆ ಕುಣ್ದಿದ್ದು ನೋಡ್ದೆ. ಟವೆಲ್ ಬೀಸಿದ್ದು ನೋಡ್ದೆ. ಅದ ನೋಡಿ ನಮ್ಮೆಮ್ಮೆ ಎರಡೂ ಬೆದರಿ ಕಿತ್ಕೊಂಡು ಓಡೋದ್ವು. ಅದ್ನ ಹೇಳವಾ ಅಂತಲೇ ಇವರ ಜೊತೆ ಬಂದೆ. ಈಗ ಹುಡುಕ್ಕೊಟ್ಬುಡಿ."

ಗಾಳಗಳನ್ನು ಮರಕ್ಕೆ ಒರಗಿಸಿ ಎಲ್ಲರೂ ಹೊರಟೆವು. ಮೇಡಂ ಸೀರೆ ಎತ್ತಿ ಕಟ್ಟಿ ಕಬ್ಬಿನ ಗದ್ದೆಗೆ ಇಳಿದರು. ಕೊನೆಗೆ ಒಂದು ಹಳ್ಳದಲ್ಲಿ ಎರಡೂ ಆರಾಮವಾಗಿ ಬಿದ್ದುಕೊಂಡಿದ್ದವು, ನನ್ನನ್ನು ಕಂಡದ್ದೇ ಮತ್ತೆ ಎದ್ದು ನಿಂತವು. ಹೇಗೋ ಒಂದರ ಹಗ್ಗ ನಾನೇ ಹಿಡಿದೆ, ಹಿಂದೆಯೇ ಇನ್ನೊಂದೂ ಬಂತು.

ಆ ದಿನ ನಾನು ಹಿಡಿದದ್ದು, ತಂಡದ ಎಲ್ಲರ ಕಣ್ಣೆದುರು, ಸಾಕ್ಷಿ ಸಮೇತ, ಎರಡು ಎಮ್ಮೆ.

ಈಜು ಬಾರದ ರೋಗಿ

ಇದು ಸಣ್ಣದು. ಒಂದು ಭಾನುವಾರ ಮೇಡಂ ಹಿಡಿದ ಮೀನಿನ ಗಂಟಲಲ್ಲಿ ಗಾಳದ ಕೊಕ್ಕೆ ಆಳವಾಗಿ ಸಿಕ್ಕಿಕೊಂಡಿತ್ತು. "ಡಾಕ್ಟ್ರೇ, ನಿಮ್ಮ ಕೇಸು," ಅಂದರು. ನಾನು ಕಾರಿನಲ್ಲಿದ್ದ ಇಕ್ಕಳ ತಂದು, ಎಡಗೈಯಲ್ಲಿ ದವಡೆ ಹಿಡಿದು, ಒಂದು ಹನಿ ರಕ್ತ ಬಾರದ ಹಾಗೆ ಕೊಕ್ಕೆ ತೆಗೆದು ನೀರಿಗೆ ಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹಿಡಿದ ಮೀನಲ್ಲ, ನಿಜ, ಆದರೂ ಆ ಖುಷಿ ಸೋಮವಾರದವರೆಗೂ ಇಳಿದಿರಲಿಲ್ಲ.

ಸೋಮವಾರ ಬೆಳಿಗ್ಗೆ ಮೊದಲ ರೋಗಿ, ಮದುವೆ ಗೊತ್ತಾಗಿದ್ದ ವರ, ಹಲ್ಲು ತೋರಿಸಲು ಬಂದಿದ್ದರು. ಎಡಗೈಯಲ್ಲಿ ಗಲ್ಲ ಹಿಡಿದೆ. ಬಾಯೊಳಗೆ ಅತ್ತ ಇತ್ತ ನೋಡಿದೆ. ಎಲ್ಲ ಹಲ್ಲೂ ಗಟ್ಟಿಯಾಗಿದ್ದವು. ಮನಸ್ಸು ಮಾತ್ರ ಕೆರೆಯಲ್ಲೇ ಇತ್ತಲ್ಲ, ನರ್ಸಮ್ಮನ ಕಡೆ ತಿರುಗಿ, "ಚೆನ್ನಾಗಿದೆ, ಏನೂ ತೊಂದರೆ ಇಲ್ಲ. ನೀರಿಗೆ ಬಿಟ್ಟುಬಿಡೋಣ," ಅಂದೆ.

ಕುರ್ಚಿಯಲ್ಲಿದ್ದ ವರ ನನ್ನ ಎರಡೂ ಕೈ ಹಿಡಿದುಕೊಂಡು, "ಸಾರ್, ನಂಗೆ ಈಜು ಬರಲ್ಲ," ಅಂದರು.

ಯಜಮಾನರ ಮನೆಯ ನ್ಯಾಯ

ಹಿಡಿದ ಮೀನು ವಾಪಸು ಬಿಡುವ ಕಟ್ಟಳೆ ಮೋಟಾರು ಯಜಮಾನರಿಗೆ ಎಂದೂ ಜೀರ್ಣವಾದದ್ದಲ್ಲ. "ಹೊಲದಲ್ಲಿ ರಾಗಿ ಕುಯ್ದು ಮತ್ತೆ ಹೊಲಕ್ಕೇ ಸುರಿದಂಗೆ ಆಯ್ತಲ್ರೀ ಇದು," ಎನ್ನುತ್ತಿದ್ದರು. ಮೇಷ್ಟ್ರ ಎದುರು ನಿಂತು ಬೇಡವೆನ್ನುವ ಧೈರ್ಯ ಮಾತ್ರ ಇರಲಿಲ್ಲ. ಅವರ ಹತ್ತಿರವೇ ಓದಿದವರು. ಮನೆಯಲ್ಲಿ ಕಥೆ ಬೇರೆ. ಬೆಳಿಗ್ಗೆ ಎದ್ದು ಮೀನು ಹಿಡಿಯಲು ಹೋದ ಗಂಡ ಬರಿಗೈಯಲ್ಲಿ ಬಂದರೆ ಹೆಂಡತಿ ಬಿಡುತ್ತಾರೆಯೇ? ಹೀಗಾಗಿ ಬರುವ ದಾರಿಯಲ್ಲಿ ಮೀನಿನ ಅಂಗಡಿಯಲ್ಲಿ ಒಂದು ರೋಹುವನ್ನೋ ಕಾಟ್ಲಾವನ್ನೋ ಕೊಂಡು, ಗಾಳದ ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದರು. ಹಾಗೆ ಬಹಳ ಕಾಲ ಸುಸೂತ್ರವಾಗಿ ನಡೆಯಿತು.

ಒಂದು ಭಾನುವಾರ ನಾನೂ ಜೊತೆಗೆ ಹೋಗಿದ್ದಾಗ ಅಂಗಡಿಯಲ್ಲಿ ಕೆರೆಯ ಮೀನೆಲ್ಲ ಮುಗಿದಿತ್ತು. ಉಳಿದಿದ್ದದ್ದು ಸಮುದ್ರದ ಬಂಗುಡೆ. ನನಗೋ ಅಂಗಡಿಯಲ್ಲಿ ನಿಂತು ಕಾಯಲು ಆಗುತ್ತಿರಲಿಲ್ಲ. "ಯಾವುದೋ ಒಂದು ತಗೊಳ್ಳಿ, ಮೀನು ಮೀನೇ," ಎಂದು ಅವಸರ ಮಾಡಿದೆ. ಅವರಿಗೂ ಧೈರ್ಯ ಸಾಲದೆ, "ಡಾಕ್ಟ್ರೇ, ನೀವೂ ಮನೆ ಗಂಟ ಬನ್ನಿ. ಓದಿದವರು ಹೇಳಿದ್ರೆ ನಂಬ್ತಾಳೆ," ಎಂದು ನನ್ನನ್ನು ಎಳೆದುಕೊಂಡು ಹೋದರು.

ಮನೆಯ ಯಜಮಾನಿ ಚೀಲ ತೆಗೆದು ನೋಡಿದರು. ಒಂದು ಮೀನು ಎತ್ತಿ ಹಿಂದೆ ಮುಂದೆ ತಿರುಗಿಸಿದರು. ಗಂಡನ ಮುಖ ನೋಡಲಿಲ್ಲ, ನೇರ ನನ್ನನ್ನೇ ಕೇಳಿದರು.

"ಡಾಕ್ಟ್ರೇ, ಇದ ಎಲ್ಲಿ ಹಿಡಿದ್ರಿ?"

"ಕೆರೇಲಿ ಕಣಮ್ಮ," ಅಂದೆ. ಕಾಲು ತಾನಾಗಿಯೇ ಕುಣಿಯತೊಡಗಿತು.

"ನೀವೇ ಕಣ್ಣಾರೆ ನೋಡಿದ್ರಾ?"

"ನೋಡಿದೆ. ನನ್ನ ಪಕ್ಕದಲ್ಲೇ ಬಿತ್ತು."

ಆಯಮ್ಮ ಮೀನಿನ ಕಿವಿರು ಅಗಲಿಸಿ ಅದರೊಳಗಿಂದ ಒಂದು ಬಿಳಿಯ ಚೂರು ತೆಗೆದು ನನ್ನ ಅಂಗೈ ಮೇಲಿಟ್ಟರು. ತಣ್ಣಗಿತ್ತು.

"ಅಂಗಾದ್ರೆ ಕೆರೇಲಿ ಐಸ್ ಮಡೀಕೊಂಡೇ ಈಜ್ತಿತ್ತಾ?"

ಯಜಮಾನರು ಮೆಲ್ಲಗೆ ಅಂಗಡಿಯ ಕಡೆಗೆ ಹೊರಟರು, ಯಾವುದೋ ಮೋಟಾರು ನೆನಪಾಯಿತಂತೆ. ನನಗೆ ಕಾಫಿ ಬಂತು. ಕುಡಿದು ಮುಗಿಸುವವರೆಗೂ ಆ ಚೂರು ನನ್ನ ಅಂಗೈಯಲ್ಲೇ ಕರಗುತ್ತಿತ್ತು, ಎಲ್ಲಿ ಬಿಸಾಡಬೇಕೋ ತಿಳಿಯಲಿಲ್ಲ.

ಮೇಷ್ಟ್ರ ಸಾಕ್ಷಿ

ಇಷ್ಟೆಲ್ಲ ಆಗುವ ಹೊತ್ತಿಗೆ ಮಳೆಗಾಲಗಳು ಬಂದು ಹೋಗಿದ್ದವು, ಮುದ್ದೆ ಪಾತ್ರೆ ನನ್ನ ತಲೆಯ ಮೇಲೇ ಇತ್ತು. ನಗಬೇಡಿ. ಒಂದೇ ಒಂದು ಮೀನು, ತಂಡದ ಒಬ್ಬರೇ ಒಬ್ಬರು ನೋಡಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು. ಕ್ಲಿನಿಕ್ ತೆರೆದಾಗಲೂ, ಮನೆ ಕಟ್ಟಿದಾಗಲೂ ನಾನು ಇಷ್ಟು ಆಸೆ ಪಟ್ಟಿರಲಿಲ್ಲ. ರಾತ್ರಿ ನಿದ್ದೆಯಲ್ಲಿ ಕೈ ಎಳೆಯುತ್ತಿದ್ದೆನಂತೆ. ಹೆಂಡತಿ ತನ್ನ ಹೊದಿಕೆಯನ್ನು ನನ್ನಿಂದ ದೂರ ಇಟ್ಟುಕೊಂಡು ಮಲಗತೊಡಗಿದ್ದಳು.

ಆ ಭಾನುವಾರ ಹಿನ್ನೀರಿಗೆ ಹೋಗಿದ್ದೆವು. ಮೇಡಂ ಮತ್ತು ಯಜಮಾನರು ದಡದ ತಿರುವಿನಾಚೆ ಕೂತಿದ್ದರು. ಮೇಷ್ಟ್ರು ನನ್ನನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು, ಸಿಪ್ಪೆ ಸಮೇತದ ಹಸಿ ಕಡಲೆಕಾಯಿಯ ಒಂದು ಪೊಟ್ಟಣ ಕೊಟ್ಟರು. "ಕೋಲು ನೆಲಕ್ಕೆ ನೆಟ್ಟುಬಿಡಿ. ಮುಟ್ಟಬೇಡಿ. ಇದನ್ನ ಬಿಡಿಸ್ತಾ ಕೂತ್ಕೊಳ್ಳಿ," ಅಂದರು.

ಏನು ಹೇಳಲಿ, ಮದ್ದು ಹಿಡಿಯಿತು! ನಾನು ಬಿಡಿಸುತ್ತಿದ್ದೆ, ಮೇಷ್ಟ್ರು ತಿನ್ನುತ್ತಿದ್ದರು. ಪೊಟ್ಟಣ ತಳ ಕಾಣುವ ಹೊತ್ತಿಗೆ ನನ್ನ ಕೋಲು ಬಿಲ್ಲಿನ ಹಾಗೆ ಬಾಗಿತು.

ಅದು ಎಳೆದ ಎಳೆತ! ರೀಲು ಕಿರುಚಿತು. ನಾನು ನೀರಿಗಿಳಿದೆ, ಮೊಣಕಾಲು ಮುಳುಗುವಷ್ಟು. ಅತ್ತ ಓಡಿದೆ, ಇತ್ತ ಓಡಿದೆ. ಜೀವಮಾನದಲ್ಲಿ ಮೊದಲ ಸಲ ನನ್ನ ಚಡಪಡಿಕೆ ಒಂದು ಕೆಲಸಕ್ಕೆ ಬಂತು. ಕೊನೆಗೆ ಮೀನು ಸುಸ್ತಾಗಿ ನನ್ನ ತೋಳಿಗೆ ಬಂತು. ಕಾಟ್ಲಾ! ಮಗುವನ್ನು ಎತ್ತಿಕೊಂಡಷ್ಟು ಭಾರ. ಕೊಕ್ಕೆ ತೆಗೆಯುವಾಗ ಬಾಯಿ ನೋಡಿದೆ. ಕಾಟ್ಲಾದ ಕೆಳದವಡೆ ಮುಂದಕ್ಕೆ ಚಾಚಿರುತ್ತದಲ್ಲ, ನನ್ನ ಕ್ಲಿನಿಕ್ಕಿಗೆ ಬಂದಿದ್ದರೆ ಕ್ಲಿಪ್ ಹಾಕಬೇಕಾದ ಕೇಸು. ಅಷ್ಟು ಮುದ್ದಾಗಿತ್ತು.

"ಮೇಷ್ಟ್ರೇ! ನೋಡಿದ್ರಾ?" ಎಂದು ಕಿರುಚಿದೆ.

ಮೇಷ್ಟ್ರು ದಡದಲ್ಲಿ ಎದ್ದು ನಿಂತು ಕುಣಿಯುತ್ತಿದ್ದರು. ಹೌದು, ಮೇಷ್ಟ್ರು! "ನೋಡಿದೆ ಡಾಕ್ಟ್ರೇ! ನೋಡ್ತಾ ಇದೀನಿ! ಬಿಡ್ಬೇಡಿ! ಬಿಡ್ಬೇಡಿ!" ಎನ್ನುತ್ತಾ ಇನ್ನೊಂದು ಸಲ ಬಾಯಿ ತೆರೆದರು ನೋಡಿ, ಅವರ ಮೇಲಿನ ಹಲ್ಲಿನ ಸೆಟ್ಟು, ನನ್ನದೇ ಕೈಕೆಲಸ, ಬಾಯಿಂದ ಹಾರಿ ನನ್ನ ಮುಂದೆ ನೀರಿಗೆ ಬಿತ್ತು.

ಒಂದು ಕ್ಷಣ ಅದು ತಿಳಿನೀರಿನಲ್ಲಿ ನಗುತ್ತಾ ಇಳಿಯುವುದು ಕಾಣಿಸಿತು. ತೋಳಲ್ಲಿ ಮೀನು, ಕಣ್ಣೆದುರು ಹಲ್ಲು. ದಡದಲ್ಲಿ ಮೇಷ್ಟ್ರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕಣ್ಸನ್ನೆಯಲ್ಲೇ ನೀರಿನ ಕಡೆ ತೋರಿಸುತ್ತಿದ್ದರು. ಎಷ್ಟೆಂದರೂ ನಾನು ಹಲ್ಲಿನ ಡಾಕ್ಟರು. ಮೀನು ಬಿಟ್ಟು ಮುಳುಗಿದೆ. ಕೈಗೆ ಸಿಕ್ಕಿದ್ದು ಕೆಸರು, ಕಲ್ಲು, ಯಾರದೋ ಹಳೆಯ ಚಪ್ಪಲಿ. ಮೀನೂ ಹೋಯಿತು, ಸೆಟ್ಟೂ ಹೋಯಿತು.

ಗಲಾಟೆ ಕೇಳಿ ಮೇಡಂ ಮತ್ತು ಯಜಮಾನರು ಓಡಿ ಬಂದರು. ನಾನು ತೊಯ್ದು ತೊಪ್ಪೆಯಾಗಿ ನಿಂತು, "ಕಾಟ್ಲಾ! ಇಷ್ಟು ದೊಡ್ಡದು! ಮೇಷ್ಟ್ರು ನೋಡಿದ್ದಾರೆ! ಹೇಳಿ ಮೇಷ್ಟ್ರೇ!" ಅಂದೆ. ಮೇಷ್ಟ್ರು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಸುಮ್ಮನೆ ನಿಂತಿದ್ದರು. ಬೊಚ್ಚುಬಾಯಿಯಲ್ಲಿ ಅವರು ಯಾರೆದುರೂ, ಸ್ವಂತ ಹೆಂಡತಿಯೆದುರೂ, ಮಾತಾಡಿದವರಲ್ಲ. "ತಲೆ ಆಡಿಸಿ ಮೇಷ್ಟ್ರೇ, ಅಷ್ಟು ಸಾಕು," ಎಂದು ಬೇಡಿಕೊಂಡೆ.

"ಅದಾಗಕಿಲ್ಲ ಡಾಕ್ಟ್ರೇ," ಅಂದರು ಯಜಮಾನರು. "ಸಾಕ್ಸಿ ಅಂದ್ರೆ ಬಾಯ್ಬುಟ್ಟು ಹೇಳ್ಬೇಕು ಅಂತ ಮೇಷ್ಟ್ರೇ ಕಟ್ಟಳೆ ಮಾಡವ್ರೆ. ಒಂದ್ಸಲ ನಾನು ಕೂತಲ್ಲೇ ತೂಕಡಿಸಿ ತಲೆ ಆಡಿಸ್ಬುಟ್ಟಿದ್ದೆ, ಅದ್ಕೆ." ಆಮೇಲೆ ನೀರಿನ ಕಡೆ ನೋಡಿ, "ಈಗ ಆ ಕಾಟ್ಲಾನೇ ಸೆಟ್ ಹಾಕ್ಕೊಂಡು ಓಡಾಡ್ತಿರ್ತದೆ ಬುಡಿ," ಅಂದರು.

ಹಲ್ಲಿನ ಸೆಟ್ಟು ಎಂದರೆ ಅಳತೆ, ಅಚ್ಚು, ಮೇಣದ ಮಾದರಿ ಹಾಕಿ ನೋಡುವುದು ಎಂದು ಹತ್ತೆಂಟು ಹಂತ. ನನ್ನ ರೋಗಿಗಳಿಗೆಲ್ಲ "ಮುಂದಿನ ವಾರ ಬನ್ನಿ" ಎಂದು ಹೇಳಿ ಹೇಳಿ ಕಳಿಸುವವನು ನಾನು. ಮೇಷ್ಟ್ರಿಗೆ ಮಾತ್ರ ಆವತ್ತೇ ಸಂಜೆ ಅಳತೆ ತೆಗೆದೆ. ಲ್ಯಾಬಿನವರ ತಲೆಯ ಮೇಲೆ ಹಗಲೆಲ್ಲ ನಿಂತೆ. ನನ್ನ ಕಾಲಿನ ಕುಣಿತಕ್ಕೆ ಮೇಜು ಅಲುಗುತ್ತದೆ ಎಂದು ಅವರು ನನ್ನನ್ನು ಎರಡು ಸಲ ಹೊರಗೆ ಕಳಿಸಿದರು. ಒಳ್ಳೆಯ ಹಲ್ಲು, ಒಳ್ಳೆಯ ಬಣ್ಣ, ಮೊದಲಿನದಕ್ಕಿಂತ ಬಿಗಿಯಾಗಿ ಕೂರುವ ಹಾಗೆ ಮಾಡಿಸಿದೆ. ನನ್ನ ಇಡೀ ವೃತ್ತಿಯಲ್ಲಿ ಅಂಥ ಸೆಟ್ಟು ಇನ್ನೊಂದಿಲ್ಲ. ಕನ್ನಡಿಯಲ್ಲಿ ನೋಡಿಕೊಂಡ ಮೇಷ್ಟ್ರ ಕಣ್ಣು ತುಂಬಿ ಬಂತು. "ಭಾನುವಾರ, ಹೋಟೆಲಿನಲ್ಲಿ, ಎಲ್ಲರ ಮುಂದೆ," ಎಂದಷ್ಟೇ ಹೇಳಿದರು.

ಭಾನುವಾರ ಸರಸ್ವತಿಪುರಂನ ಹೋಟೆಲಿನಲ್ಲಿ ಸೇರಿದೆವು. ಮಸಾಲೆ ದೋಸೆ ಬಂತು. ಮೇಷ್ಟ್ರು ಗರಿಗರಿ ಅಂಚು ಮುರಿದು ಬಾಯಿಗಿಟ್ಟು ಕಟುಂ ಎಂದು ಕಡಿದು, ಚೆನ್ನಾಗಿ ಅಗಿದು, ನೀರು ಕುಡಿದರು. ನಾನು ಕೂತೇ ಇದ್ದೆ. ಹೆಂಡತಿ ನೋಡಿದ್ದರೆ ನಂಬುತ್ತಿರಲಿಲ್ಲ, ಕಾಲು ಕೂಡ ಕುಣಿಸದೆ ಕೂತಿದ್ದೆ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಆವತ್ತು ಹಿನ್ನೀರಿನಲ್ಲಿ ಏನಾಯ್ತು ಅಂತ ನಾನು ಸಾಕ್ಷಿ ಹೇಳಬೇಕು. ರಾತ್ರಿಯೆಲ್ಲ ಯೋಚನೆ ಮಾಡಿದೆ. ಈ ಬಾಯಲ್ಲಿರೋ ಹಲ್ಲು ಯಾರು ಕೊಟ್ಟಿದ್ದು? ಡಾಕ್ಟ್ರು. ಅವರು ಕೊಟ್ಟ ಹಲ್ಲು ಇಟ್ಟುಕೊಂಡು ಅವರ ಪರವಾಗೇ ಬಾಯಿ ಬಿಟ್ಟರೆ ಅದಕ್ಕೆ ಏನಂತಾರೆ? ಲಂಚ ಅಂತಾರೆ. ನನ್ನಿಂದಾಗಲ್ಲ ಡಾಕ್ಟ್ರೇ. ಕ್ಷಮಿಸಿ."

ನಾನು ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿತ್ತು. "ಹಾಗಾದ್ರೆ ತೆಗೀರಿ ಮೇಷ್ಟ್ರೇ ಆ ಹಲ್ಲನ್ನ! ತೆಗೆದಿಟ್ಟು ಹೇಳಿ!" ಎಂದು ಕೂಗಿದೆ. ಇಡೀ ಹೋಟೆಲು ತಿರುಗಿ ನೋಡಿತು. ಮಾಣಿಯೊಬ್ಬರು ಸಾಂಬಾರಿನ ಪಾತ್ರೆ ಹಿಡಿದು ಅಲ್ಲೇ ನಿಂತುಬಿಟ್ಟರು.

ಮೇಷ್ಟ್ರು ಒಂದಿಷ್ಟೂ ಬೇಸರಿಸಿಕೊಳ್ಳಲಿಲ್ಲ. "ಕೂತ್ಕೊಳ್ಳಿ. ಮುಂದಿನ ಸಲ ಮೇಡಂ ಪಕ್ಕ ಕೂತು ಹಿಡೀರಿ. ಅವರದು ಸ್ವಂತ ಹಲ್ಲು, ಅವರ ಸಾಕ್ಷಿಗೆ ಯಾರೂ ಏನೂ ಅನ್ನೋ ಹಾಗಿಲ್ಲ."

ಮೇಡಂ ಮೆಲ್ಲಗೆ ಕೆನ್ನೆ ಮುಟ್ಟಿಕೊಂಡರು. "ಮೇಷ್ಟ್ರೇ, ಹಿಂದಿನ ದವಡೆಯ ಕ್ಯಾಪು ಡಾಕ್ಟ್ರೇ ಹಾಕಿದ್ದು."

"ನಂಗೂ ಎರಡು ಹಲ್ಲಿಗೆ ಸಿಮೆಂಟು ಇವ್ರೇ ತುಂಬಿರದು," ಅಂದರು ಯಜಮಾನರು, ತಪ್ಪು ಮಾಡಿದವರ ಹಾಗೆ.

ಮೇಷ್ಟ್ರು ದೋಸೆಯ ತಟ್ಟೆ ಪಕ್ಕಕ್ಕೆ ಸರಿಸಿ ತೀರ್ಪು ಕೊಟ್ಟರು. "ಹಾಗಾದ್ರೆ ಒಂದೇ ದಾರಿ ಡಾಕ್ಟ್ರೇ. ನಿಮ್ಮ ಕೈ ತಾಗದ ಬಾಯಿರೋ ಹೊಸ ಸದಸ್ಯರೊಬ್ಬರನ್ನ ನೀವೇ ಹುಡುಕಿ ತನ್ನಿ. ಅವರು ನೋಡಿದ ಮೀನು ಲೆಕ್ಕಕ್ಕೆ."

ಅಂದಿನಿಂದ ಹುಡುಕುತ್ತಿದ್ದೇನೆ. ನನಗೆ ಪರಿಚಯವಿರುವವರೆಲ್ಲ ಕುರ್ಚಿಗೆ ಬಂದವರೇ. ಹೊಸಬರು ಯಾರೇ ಬಂದರೂ ಬಾಯಿಗೆ ಕೈ ಹಾಕುವ ಮೊದಲೇ, "ಭಾನುವಾರ ಬಿಡುವಿದೆಯಾ?" ಎಂದು ಆಸೆಯಿಂದ ಕೇಳುತ್ತೇನೆ. ಅವರು ಕೆನ್ನೆ ಹಿಡಿದುಕೊಂಡು, "ಭಾನುವಾರದವರೆಗೆ ಕಾಯೋಕಾಗಲ್ಲ ಡಾಕ್ಟ್ರೇ, ಈಗಲೇ ಕಿತ್ತುಬಿಡಿ," ಅನ್ನುತ್ತಾರೆ. ಹಲ್ಲು ಗಟ್ಟಿಯಿರುವವರು ನನ್ನ ಹತ್ತಿರ ಯಾಕೆ ಬರುತ್ತಾರೆ, ನೀವೇ ಹೇಳಿ.